12 ವೋಲ್ಟ್ ಟ್ರಾನ್ಸ್‌ಫಾರ್ಮರ್, ಮೀಟರಲ್ಲಿ 17.8: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ನಾನು ಎಲೆಕ್ಟ್ರಾನಿಕ್ಸ್ ಈಗಷ್ಟೇ ಕಲೀತಾ ಇದೀನಿ. 12 ವೋಲ್ಟ್ 1 ಆಂಪ್ ಟ್ರಾನ್ಸ್‌ಫಾರ್ಮರ್ ಇಟ್ಕೊಂಡು ಒಂದು ಪವರ್ ಸಪ್ಲೈ ಮಾಡೋಣ ಅಂತ ಕೂತೆ. ಟ್ರಾನ್ಸ್‌ಫಾರ್ಮರ್ ಔಟ್‌ಪುಟ್ಟನ್ನ ಎಸಿ ಮೋಡಲ್ಲಿ ಅಳೆದ್ರೆ 13.4 ಬಂತು. 4 ಡಯೋಡಲ್ಲಿ ಬ್ರಿಡ್ಜ್ ಮಾಡಿ ಡಿಸಿ ಮೋಡಲ್ಲಿ ನೋಡಿದ್ರೆ ಸುಮಾರು 11. ಆಮೇಲೆ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದೆ, ತಕ್ಷಣ 17.8ಕ್ಕೆ ಏರಿಬಿಡ್ತು. ಗಾಬರಿ ಆಗಿ ಅದಕ್ಕೆ 10 ವ್ಯಾಟಿನ ಒಂದು ಕಾರ್ ಬಲ್ಬ್ ಕೊಟ್ಟೆ, 11.8ಕ್ಕೆ ಇಳೀತು. ಒಂದೇ ಟ್ರಾನ್ಸ್‌ಫಾರ್ಮರ್, 4 ನಂಬರ್. ಇದ್ರಲ್ಲಿ ಯಾವುದು ಸರಿ? ನನ್ನ ಮೀಟರ್ ಕೆಟ್ಟಿದ್ಯಾ? ಇಲ್ಲ ರೆಕ್ಟಿಫೈ ಮಾಡಿದ್ರೆ ವೋಲ್ಟೇಜ್ ಜಾಸ್ತಿ ಆಗತ್ತಾ?

ಉತ್ತರ: ಮೀಟರ್ ಕೆಟ್ಟಿಲ್ಲ, ನೀವೂ ಏನೂ ತಪ್ಪು ಮಾಡಿಲ್ಲ. 4 ರೀಡಿಂಗೂ ಸರೀನೇ. ಪ್ರತಿ ಸಲ ನೀವು ಅಳೆದಿದ್ದು ಬೇರೆ ಬೇರೆ ವಿಷಯ. ರೆಕ್ಟಿಫೈಯರ್, ಅಂದ್ರೆ ಎಸಿಯನ್ನ ಡಿಸಿ ಮಾಡೋ ಡಯೋಡ್ ಸರ್ಕ್ಯೂಟ್, ಅದರ ಬಗ್ಗೆ ತಿಳ್ಕೊಬೇಕಾದ್ದು ಹೆಚ್ಚೂಕಮ್ಮಿ ಎಲ್ಲಾ ಈ 4 ನಂಬರ್ ಒಳಗೇ ಕೂತಿದೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಒಂದೊಂದಾಗಿ ಬಿಡಿಸ್ಕೊಂಡು ಹೋಗೋಣ.

ಮೊದಲು 13.4. ಟ್ರಾನ್ಸ್‌ಫಾರ್ಮರ್ ಮೇಲೆ 12 ವೋಲ್ಟ್ 1 ಆಂಪ್ ಅಂತ ಬರೆದಿದ್ರೆ ಅದರರ್ಥ 1 ಆಂಪ್ ಎಳೀತಾ ಇರುವಾಗ 12 ವೋಲ್ಟ್ ಇರತ್ತೆ ಅಂತ. ಏನೂ ಲೋಡ್ ಇಲ್ಲದಾಗ ಒಳಗಿನ ವೈಂಡಿಂಗ್ ತಂತಿಯ ರೆಸಿಸ್ಟೆನ್ಸಲ್ಲಿ ಕಳೆದುಹೋಗೋ ವೋಲ್ಟೇಜ್ ಉಳ್ಕೊಳ್ಳತ್ತೆ, ಅದಕ್ಕೆ ರೀಡಿಂಗ್ ಮೇಲಿರತ್ತೆ. ಚಿಕ್ಕ ಟ್ರಾನ್ಸ್‌ಫಾರ್ಮರಲ್ಲಿ 10ರಿಂದ 20 ಪರ್ಸೆಂಟ್ ಜಾಸ್ತಿ ತೋರಿಸೋದು ಮಾಮೂಲಿ. ಅದು ಬಿಡಿ.

ಅಸಲಿ ವಿಷಯ ಏನಂದ್ರೆ, ಎಸಿಗೆ "12 ವೋಲ್ಟ್" ಅಂತ ಹೇಳೋದೇ ಒಂದು ಒಪ್ಪಂದದ ಮಾತು. ಆ ತಂತಿಯಲ್ಲಿ 12 ವೋಲ್ಟ್ ಅನ್ನೋದು ನಿಂತಿರಲ್ಲ. ಅಲೆ ಸೊನ್ನೆಯಿಂದ ಏರಿ 17ಕ್ಕೆ ಹೋಗಿ, ಇಳಿದು, ಸೊನ್ನೆ ದಾಟಿ ಮೈನಸ್ 17ಕ್ಕೆ ಹೋಗಿ ವಾಪಸ್ ಬರತ್ತೆ, 50 ಹರ್ಟ್ಜ್ ಆದ್ರೆ ಸೆಕೆಂಡಿಗೆ 50 ಸಲ. ಇಂಥದ್ದನ್ನ ಒಂದು ಬಲ್ಬಿಗೆ ಕೊಟ್ರೆ ಎಷ್ಟು ಬಿಸಿ ಆಗತ್ತೋ ಅಷ್ಟೇ ಬಿಸಿ ಮಾಡೋ ಡಿಸಿ ಎಷ್ಟು ಅಂತ ನೋಡಿದ್ರೆ ಅದು 12. ಆ 12ನ್ನೇ ಆರ್‌ಎಂಎಸ್ ಅಂತೀವಿ. ಸೈನ್ ಅಲೆಗೆ ಪೀಕ್ (ಅಲೆಯ ತುತ್ತತುದಿ) ಅಂದ್ರೆ ಆರ್‌ಎಂಎಸ್‌ನ 1.414 ಪಟ್ಟು. 12 ಇಂಟು 1.414, 16.97. ಅಂದ್ರೆ ನಿಮಗೆ ಆಶ್ಚರ್ಯ ತರಿಸಿದ 17 ಮೊದಲಿಂದಲೂ ಆ ತಂತಿಯಲ್ಲೇ ಇತ್ತು, ಸೆಕೆಂಡಿಗೆ 100 ಸಲ ಬಂದು ಬಂದು ಹೋಗ್ತಾ ಇತ್ತು, ಒಂದು ದಿಕ್ಕಿಗೆ 50 ಇನ್ನೊಂದು ದಿಕ್ಕಿಗೆ 50. ರೆಕ್ಟಿಫೈಯರ್ ಅದನ್ನ ಹುಟ್ಟಿಸಿಲ್ಲ.

ಈಗ ಬ್ರಿಡ್ಜ್ ಹಾಕಿದ್ರಿ. ಬ್ರಿಡ್ಜ್ ಮಾಡೋದು ಒಂದೇ ಕೆಲಸ, ಕೆಳಗೆ ಹೋಗೋ ಅರ್ಧ ಅಲೆಯನ್ನ ಮಡಚಿ ಮೇಲಕ್ಕೆ ತರತ್ತೆ. ಈಗ ಸಾಲಾಗಿ ಗುಡ್ಡಗಳು, ಸೆಕೆಂಡಿಗೆ 100, ನಡುನಡುವೆ ಸೊನ್ನೆ ಮುಟ್ಟೋ ಕಣಿವೆಗಳು. ಡಿಸಿ ಮೋಡಲ್ಲಿರೋ ಮೀಟರಿಗೆ ಈ ಗುಡ್ಡ ಕಣಿವೆ ಒಂದೂ ಕಾಣಲ್ಲ, ಅದು ಎಲ್ಲಾ ಸೇರಿಸಿ ಸರಾಸರಿ ತೋರಿಸತ್ತೆ. ಆ ಸರಾಸರಿ ಪೀಕಿನ 0.637, ಆರ್‌ಎಂಎಸ್ ಲೆಕ್ಕದಲ್ಲಿ 0.9. ನಿಮ್ಮ 13.4ನ್ನ 0.9ರಿಂದ ಗುಣಿಸಿ, 12.06. ಬ್ರಿಡ್ಜಲ್ಲಿ ಕರೆಂಟ್ ಯಾವಾಗಲೂ 2 ಡಯೋಡ್ ದಾಟಿ ಹೋಗ್ಬೇಕು, ಲೋಡ್ ಇಲ್ಲದಿದ್ರೆ ಒಂದೊಂದು ಅರ್ಧ ವೋಲ್ಟ್ ತಿನ್ನತ್ತೆ, 1 ವೋಲ್ಟ್ ಹೋಯ್ತು. ಉಳಿದಿದ್ದು 11. ನಿಮ್ಮ ಎರಡನೇ ರೀಡಿಂಗ್ ಇದೇ.

ಡಯೋಡ್ ತಿನ್ನೋ ಈ ವೋಲ್ಟೇಜ್, ಅಂದ್ರೆ ಡ್ರಾಪಿನ ವಿಷಯದಲ್ಲಿ ಇನ್ನೊಂದು ಮಾತು. ಲೋಡ್ ಇರುವಾಗ ಸಿಲಿಕಾನ್ ಡಯೋಡ್ ಒಂದಕ್ಕೆ 0.7, 2 ಸೇರಿ 1.4 ಅಂತ ಇಟ್ಕೊಳ್ಳಿ. ಇದು ಬರೀ ಮೇಲಿಂದ ಕಡಿಮೆ ಮಾಡೋದಷ್ಟೇ ಅಲ್ಲ, ಅಲೆ 1.4ಕ್ಕಿಂತ ಕೆಳಗಿರೋವಷ್ಟು ಹೊತ್ತು ಡಯೋಡ್ ಬಾಗಿಲೇ ತೆಗೆಯಲ್ಲ. 17 ವೋಲ್ಟ್ ಪೀಕಿನ 50 ಹರ್ಟ್ಜ್ ಅಲೆಗೆ ಇದು ಪ್ರತಿ ಸೊನ್ನೆ ಸುತ್ತ ಸುಮಾರು ಅರ್ಧ ಮಿಲಿಸೆಕೆಂಡ್. ಆಸಿಲೋಸ್ಕೋಪಲ್ಲಿ (ಅಲೆಯನ್ನ ಪರದೆ ಮೇಲೆ ತೋರಿಸೋ ಉಪಕರಣ, ಸ್ಕೋಪ್ ಅಂತಲೂ ಅಂತಾರೆ) ನೋಡಿದ್ರೆ ಎರಡು ಗುಡ್ಡದ ಮಧ್ಯ ಕಣಿವೆ ಚೂಪಾಗಿ ಇರಲ್ಲ, ತಳದಲ್ಲಿ ಒಂದು ಚಿಕ್ಕ ಚಪ್ಪಟೆ ಜಾಗ ಕಾಣತ್ತೆ, ಅದೇ ಇದು.

ಇನ್ನು 17.8. ಕೆಪಾಸಿಟರನ್ನ ಮನೆ ಮೇಲಿನ ನೀರಿನ ಟ್ಯಾಂಕ್ ಅಂದ್ಕೊಳ್ಳಿ, ಡಯೋಡನ್ನ ಪೈಪಲ್ಲಿರೋ ಒನ್‌ವೇ ವಾಲ್ವ್ ಅಂದ್ಕೊಳ್ಳಿ. ಪಂಪಿನ ಒತ್ತಡ ಏರ್ತಾ ಇಳೀತಾ ಇದ್ರೂ ಅದು ಎಷ್ಟು ಎತ್ತರಕ್ಕೆ ನೀರನ್ನ ಒಂದು ಸಲ ತಳ್ಳತ್ತೋ ಅಷ್ಟು ಎತ್ತರಕ್ಕೆ ಟ್ಯಾಂಕ್ ತುಂಬತ್ತೆ, ಒತ್ತಡ ಇಳಿದಾಗ ವಾಲ್ವ್ ಮುಚ್ಕೊಳ್ಳತ್ತೆ, ನೀರು ವಾಪಸ್ ಹೋಗಲ್ಲ. ಯಾರೂ ನಲ್ಲಿ ತೆಗೀದೇ ಇದ್ರೆ ಟ್ಯಾಂಕ್ ಆ ತುತ್ತತುದಿಯಲ್ಲೇ ನಿಲ್ಲತ್ತೆ. ಕೆಪಾಸಿಟರ್ ಕೂಡ ಹಾಗೇ, ಅದಕ್ಕೆ ಸರಾಸರಿ ಗೊತ್ತಿಲ್ಲ, ಪೀಕ್ ಗೊತ್ತು. 13.4 ಇಂಟು 1.414, ಹತ್ತಿರ ಹತ್ತಿರ 19. ಅದರಲ್ಲಿ ಡಯೋಡ್ ಪಾಲು ಕಳೀರಿ, 18ರ ಆಸುಪಾಸು. ಸರಿಹೋಯ್ತಲ್ಲ.

ಬಲ್ಬ್ ಹಾಕಿದ್ರಿ ಅಂದ್ರೆ ನಲ್ಲಿ ತೆಗೆದ್ರಿ. 10 ವ್ಯಾಟ್ ಬಲ್ಬ್ ಸುಮಾರು 0.8 ಆಂಪ್ ಎಳೀತಾ ಇರತ್ತೆ. 1000 ಮೈಕ್ರೊಫ್ಯಾರಡ್ ಕೆಪಾಸಿಟರಿಂದ 0.8 ಆಂಪ್ ಎಳೆದ್ರೆ ಅದರ ವೋಲ್ಟೇಜ್ ಪ್ರತಿ ಮಿಲಿಸೆಕೆಂಡಿಗೆ 0.8 ವೋಲ್ಟ್ ಬೀಳತ್ತೆ, ಇದು ಕರೆಂಟ್ ಭಾಗಿಸು ಕೆಪಾಸಿಟೆನ್ಸ್, ಬೇರೇನಿಲ್ಲ. ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ 10 ಮಿಲಿಸೆಕೆಂಡ್, ಅದ್ರಲ್ಲಿ ಸುಮಾರು 7 ಮಿಲಿಸೆಕೆಂಡ್ ಡಯೋಡ್ ಮುಚ್ಚಿರತ್ತೆ, ಕೆಪಾಸಿಟರ್ ಒಂದೇ ಬಲ್ಬನ್ನ ಸಾಕ್ಬೇಕು. 7 ಇಂಟು 0.8, 5.6 ವೋಲ್ಟ್. ಜೊತೆಗೆ ಲೋಡ್ ಬಿದ್ದಿದ್ದಕ್ಕೆ ಟ್ರಾನ್ಸ್‌ಫಾರ್ಮರ್ ಕೂಡ ಕೆಳಗೆ ಬಂದಿದೆ, ಡಯೋಡ್ ಡ್ರಾಪೂ ಜಾಸ್ತಿ ಆಗಿದೆ, ಹಾಗಾಗಿ ಮೇಲಿನ ತುದಿ 14.5ರ ಹತ್ತಿರ, ಕೆಳಗಿನ ತುದಿ 9ರ ಹತ್ತಿರ, ಮಧ್ಯದ ಸರಾಸರಿ ನಿಮ್ಮ 11.8. ಮೀಟರ್ ನೋಡಿದ್ರೆ ಸಮಾಧಾನವಾಗಿ 11.8 ಅಂತ ನಿಂತಿರತ್ತೆ, ಸ್ಕೋಪ್ ನೋಡಿದ್ರೆ ಗರಗಸದ ಹಲ್ಲು, ಸರಕ್ಕನೆ ಏರೋದು, ಓರೆಯಾಗಿ ಇಳಿಯೋದು, ಮತ್ತೆ ಸರಕ್ಕನೆ ಏರೋದು. ಇದಕ್ಕೇ ರಿಪಲ್ ಅನ್ನೋದು. 4700 ಮೈಕ್ರೊಫ್ಯಾರಡ್ ಹಾಕಿದ್ರೆ ಇದೇ ಲೋಡಿಗೆ ಬೀಳೋದು ಸುಮಾರು 1.4 ವೋಲ್ಟ್ ಅಷ್ಟೇ. 60 ಹರ್ಟ್ಜ್ ಸಪ್ಲೈ ಇರೋ ಕಡೆ ಗುಡ್ಡಗಳ ಅಂತರ 8.3 ಮಿಲಿಸೆಕೆಂಡ್, ಹಾಗಾಗಿ ರಿಪಲ್ ಒಂಚೂರು ಕಮ್ಮಿ.

ಹಾಗಾದ್ರೆ ವೋಲ್ಟೇಜ್ ಜಾಸ್ತಿ ಆಗತ್ತಾ ಅನ್ನೋ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಮೀಟರಲ್ಲಿ ಕಾಣೋ ನಂಬರ್ ಜಾಸ್ತಿ ಆಗತ್ತೆ, ಪವರ್ ಜಾಸ್ತಿ ಆಗಲ್ಲ. ಇದನ್ನ ಮರೆತು ಎಷ್ಟೋ ಜನ ಟ್ರಾನ್ಸ್‌ಫಾರ್ಮರ್ ಸುಡ್ತಾರೆ. ನಿಮ್ಮ ಟ್ರಾನ್ಸ್‌ಫಾರ್ಮರ್ 12 ವೋಲ್ಟ್ 1 ಆಂಪ್, ಅಂದ್ರೆ 12 ವಿಎ (ವೋಲ್ಟ್ ಇಂಟು ಆಂಪ್). ದೊಡ್ಡ ಕೆಪಾಸಿಟರ್ ಹಾಕಿ 15 ವೋಲ್ಟ್ ಡಿಸಿ ಬರ್ತಿದೆ, 1 ಆಂಪ್ ಎಳೀತೀನಿ ಅಂದ್ರೆ 15 ವ್ಯಾಟ್, ಅಷ್ಟನ್ನ 12 ವಿಎ ಇರೋದು ಎಲ್ಲಿಂದ ಕೊಡತ್ತೆ? ಕೆಪಾಸಿಟರಿಗೆ ಚಾರ್ಜ್ ಹೋಗೋದು ಪೀಕಿನ ಹತ್ತಿರದ 2-3 ಮಿಲಿಸೆಕೆಂಡಲ್ಲಿ ಮಾತ್ರ. 10 ಮಿಲಿಸೆಕೆಂಡ್ ಪೂರ್ತಿ ಲೋಡಿಗೆ ಬೇಕಾಗೋದನ್ನ ಆ ಚಿಕ್ಕ ಹೊತ್ತಲ್ಲೇ ತುಂಬಿಸ್ಬೇಕು, ಹಾಗಾಗಿ ಆ ಕ್ಷಣದಲ್ಲಿ ವೈಂಡಿಂಗಲ್ಲಿ 3-4 ಆಂಪ್ ಹರಿಯತ್ತೆ. ಬಿಸಿ ಆಗೋದು ಕರೆಂಟಿನ ವರ್ಗಕ್ಕೆ ತಕ್ಕಂತೆ, ಅದಕ್ಕೆ ಹೀಗೆ ಕುಕ್ಕಿ ಕುಕ್ಕಿ ಎಳೆದ್ರೆ ತಂತಿ ಜಾಸ್ತಿ ಕಾಯತ್ತೆ. ವೈಂಡಿಂಗಿನ ಆರ್‌ಎಂಎಸ್ ಕರೆಂಟ್ ಡಿಸಿ ಕರೆಂಟಿನ 1.6ರಿಂದ 1.8 ಪಟ್ಟು ಅಂತ ಲೆಕ್ಕ ಇಟ್ಕೊಳ್ಳಿ. ನಿಮ್ಮ 1 ಆಂಪ್ ಟ್ರಾನ್ಸ್‌ಫಾರ್ಮರಿಂದ ಗಂಟೆಗಟ್ಟಲೆ ಎಳೆಯೋ ಹಾಗಿದ್ರೆ 0.6 ಆಂಪ್ ಡಿಸಿಗೆ ನಿಲ್ಲಿಸಿ. 0.8ರ ಬಲ್ಬನ್ನ ಟೆಸ್ಟ್ ಮಾಡಿದ್ದು ಸರಿ, ರಾತ್ರಿಯಿಡೀ ಹಾಗೇ ಬಿಡ್ಬೇಡಿ.

ಇನ್ನೊಂದು, ನಿಮ್ಮ ಕೆಪಾಸಿಟರ್ ಮೇಲೆ ಎಷ್ಟು ವೋಲ್ಟ್ ಅಂತ ಬರೆದಿದೆ ನೀವು ತಿಳಿಸಿಲ್ಲ, ದಯವಿಟ್ಟು ಈಗಲೇ ನೋಡಿ. ನಾನು ಶುರುವಿನ ದಿನಗಳಲ್ಲಿ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ತಾನೇ ಅಂತ 16 ವೋಲ್ಟಿನ ಕೆಪಾಸಿಟರ್ ಹಾಕಿದ್ದೆ. ಮೊದಲ ದಿನ ಏನೂ ಆಗಲಿಲ್ಲ. ಕೆಲವು ದಿನ ಆದ್ಮೇಲೆ ಅದರ ತಲೆ ಮೇಲಿನ ಪ್ಲಸ್ ಆಕಾರದ ಗೀರು ಉಬ್ಬಿತ್ತು, ಬುಡದಲ್ಲಿ ಬೋರ್ಡಿಗೆ ಕಂದು ಬಣ್ಣದ ಅಂಟು ಇಳಿದಿತ್ತು, ಹತ್ತಿರ ಹೋದ್ರೆ ಮೂಗಿಗೆ ಹೊಡೆಯೋ ವಾಸನೆ. ಆ ಕಂದು ದ್ರವ ಪಕ್ಕದ ಟ್ರ್ಯಾಕನ್ನೂ ತಿಂದುಹಾಕಿತ್ತು. ಲೋಡ್ ಇಲ್ಲದಾಗ 18, ಮೇನ್ಸ್ 10 ಪರ್ಸೆಂಟ್ ಏರಿದ್ರೆ 20, ಹಾಗಾಗಿ 25 ವೋಲ್ಟ್ ಕನಿಷ್ಠ, 35 ಸಿಕ್ಕಿದ್ರೆ ಇನ್ನೂ ಒಳ್ಳೇದು.

ಪ್ರಶ್ನೆ: ಫುಲ್ ವೇವ್, ಅಂದ್ರೆ ಬ್ರಿಡ್ಜ್ ಬದಲು ಒಂದೇ ಡಯೋಡ್ ಹಾಕಿದ್ರೆ ವೋಲ್ಟೇಜ್ ಸರಿಯಾಗಿ ಅರ್ಧ ಆಗತ್ತೆ ಅಂತಾರೆ, ನಿಜನಾ?

ಉತ್ತರ: ಯಾವ ವೋಲ್ಟೇಜ್ ಅಂತ ಕೇಳ್ಬೇಕು. ಸರಾಸರಿ ಆದ್ರೆ ಹೌದು, ಅರ್ಧ. ಆರ್‌ಎಂಎಸ್‌ನ 0.45 ಪಟ್ಟು, 12 ವೋಲ್ಟಿಗೆ 5.4. ಆದ್ರೆ ಆರ್‌ಎಂಎಸ್ ಅರ್ಧ ಆಗಲ್ಲ, 12 ಇದ್ದಿದ್ದು 8.5 ಆಗತ್ತೆ. ಅರ್ಧ ಆಗೋದು ಪವರ್. ಸಾಲ್ಡರಿಂಗ್ ಐರನ್ನಿಗೆ ಸೀರೀಸಲ್ಲಿ ಒಂದು ಡಯೋಡ್ ಹಾಕಿ, ಕೆಲಸ ಇಲ್ಲದಾಗ ಕಮ್ಮಿ ಬಿಸಿಯಲ್ಲಿ ಇಡೋದು ಇದೇ ಲೆಕ್ಕದ ಮೇಲೆ, 25 ವ್ಯಾಟ್ ಐರನ್ ಹನ್ನೆರಡೂವರೆ ವ್ಯಾಟಿನ ಹತ್ತಿರ ಓಡತ್ತೆ. ಇನ್ನು ಕೆಪಾಸಿಟರ್ ಹಾಕಿ ಲೋಡ್ ತೆಗೆದ್ರೆ ಒಂದು ಡಯೋಡಾದ್ರೂ ಅಷ್ಟೇ ಬ್ರಿಡ್ಜ್ ಆದ್ರೂ ಅಷ್ಟೇ, ಪೀಕೇ ನಿಲ್ಲತ್ತೆ, ಒಂದು ಡಯೋಡಿನದ್ದೇ ಅರ್ಧ ವೋಲ್ಟ್ ಮೇಲೂ ಇರತ್ತೆ. ವ್ಯತ್ಯಾಸ ಲೋಡಲ್ಲಿ ಗೊತ್ತಾಗತ್ತೆ, ಕೆಪಾಸಿಟರ್ 10ರ ಬದಲು 20 ಮಿಲಿಸೆಕೆಂಡ್ ಕಾಯ್ಬೇಕು, ಅದೇ ರಿಪಲ್ ಬೇಕಂದ್ರೆ ಎರಡರಷ್ಟು ದೊಡ್ಡ ಕೆಪಾಸಿಟರ್ ಬೇಕು. ಒಂದೇ ದಿಕ್ಕಿಗೆ ಕರೆಂಟ್ ಎಳೆಯೋದ್ರಿಂದ ಟ್ರಾನ್ಸ್‌ಫಾರ್ಮರಿನ ಕೋರಿಗೂ ಒಳ್ಳೇದಲ್ಲ. ಕೆಲವು ಮಿಲಿಆಂಪ್ ಸಾಕು ಅನ್ನೋ ಕೆಲಸಕ್ಕೆ ಮಾತ್ರ ಇಟ್ಕೊಳ್ಳಿ.

ಪ್ರಶ್ನೆ: ಒಂದು ವಿಚಿತ್ರ ನೋಡಿದೆ. 12 ವೋಲ್ಟ್ ಬ್ಯಾಟರಿಗೆ ತಪ್ಪಿ ಎಸಿ ಮೋಡಲ್ಲಿ ಮೀಟರ್ ಇಟ್ಟೆ, 27 ತೋರಿಸ್ತು! ಪ್ರೋಬ್ ಉಲ್ಟಾ ಮಾಡಿದ್ರೆ ಸೊನ್ನೆ. ಬ್ಯಾಟರಿಯಲ್ಲಿ ಎಸಿ ಹೇಗೆ ಬರತ್ತೆ?

ಉತ್ತರ: ಬರಲ್ಲ. ನೀವು ನೋಡಿದ್ದು ಮೀಟರ್ ಒಳಗಿರೋ ರೆಕ್ಟಿಫೈಯರನ್ನ. ಸಾಧಾರಣ ಮೀಟರುಗಳಲ್ಲಿ ಎಸಿ ಅಳೆಯೋಕೆ ಒಳಗೆ ಒಂದೇ ಡಯೋಡಿನ ಹಾಫ್ ವೇವ್ ರೆಕ್ಟಿಫೈಯರ್ ಇರತ್ತೆ, ಅದರ ಸರಾಸರಿ ಆರ್‌ಎಂಎಸ್‌ನ 0.45 ಪಟ್ಟು ಅಂತ ಈಗಷ್ಟೇ ನೋಡಿದ್ವಲ್ಲ, ಅದನ್ನ ಸರಿ ಮಾಡಿ ತೋರಿಸೋಕೆ ಮೀಟರ್ ತಾನೇ 2.22ರಿಂದ ಗುಣಿಸಿಬಿಡತ್ತೆ. ಬ್ಯಾಟರಿಯ ಡಿಸಿಗೆ ಈ ಗುಣಾಕಾರ ಬೇಕಿರಲಿಲ್ಲ, ಆದ್ರೆ ಮೀಟರಿಗೆ ಅದು ಗೊತ್ತಾಗಲ್ಲ. 12.2 ಇಂಟು 2.22, 27. ಉಲ್ಟಾ ಇಟ್ಟಾಗ ಡಯೋಡ್ ಮುಚ್ಕೊಂಡಿದೆ, ಸೊನ್ನೆ. ಸ್ವಲ್ಪ ಒಳ್ಳೆ ಮೀಟರಲ್ಲಿ ಎಸಿ ದಾರಿಗೆ ಮೊದಲೇ ಒಂದು ಕೆಪಾಸಿಟರ್ ಇಟ್ಟು ಡಿಸಿಯನ್ನ ತಡೆದಿರ್ತಾರೆ, ಅಂಥದ್ರಲ್ಲಿ ಬ್ಯಾಟರಿಗೆ ಎರಡೂ ಕಡೆ ಸೊನ್ನೆ ಬರತ್ತೆ. ಇದನ್ನ ಒಂದು ಪರೀಕ್ಷೆಯಾಗಿ ಇಟ್ಕೊಳ್ಳಿ: ಬ್ಯಾಟರಿ ಮೇಲೆ ಸೊನ್ನೆ ತೋರಿಸೋ ಮೀಟರ್ ಆದ್ರೆ ಅದನ್ನ ಎಸಿ ಮೋಡಿಗೆ ಹಾಕಿ ನಿಮ್ಮ ಪವರ್ ಸಪ್ಲೈನ ರಿಪಲ್ ಸುಮಾರಾಗಿ ಅಳೀಬಹುದು, 27 ತೋರಿಸೋ ಮೀಟರಲ್ಲಿ ಅದು ಆಗಲ್ಲ.

ಈ ಸರಾಸರಿ ಅಳೆದು ಗುಣಿಸೋ ಮೀಟರುಗಳು ಎಲ್ಲಾ ಶುದ್ಧ ಸೈನ್ ಅಲೆಗೆ ಮಾತ್ರ ಸರಿ. ಇನ್ವರ್ಟರಿನ ಸ್ಕ್ವೇರ್ ವೇವ್, ಡಿಮ್ಮರಿನ ಕತ್ತರಿಸಿದ ಅಲೆ, ಇದಕ್ಕೆಲ್ಲ ಟ್ರೂ ಆರ್‌ಎಂಎಸ್ ಅಂತ ಬರೆದಿರೋ ಮೀಟರೇ ಬೇಕು. ಇಲ್ಲದಿದ್ರೆ ಆ ರೀಡಿಂಗ್ ನಂಬಿ ತಲೆ ಕೆಡಿಸ್ಕೊಬೇಡಿ.

ಪ್ರಶ್ನೆ: 12 ವೋಲ್ಟ್ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, 1000 ಮೈಕ್ರೊಫ್ಯಾರಡ್, ಆಮೇಲೆ 7812 ರೆಗ್ಯುಲೇಟರ್ (ಔಟ್‌ಪುಟ್ಟನ್ನ 12 ವೋಲ್ಟಲ್ಲೇ ನಿಲ್ಲಿಸೋ ಐಸಿ). ಮೀಟರಲ್ಲಿ ರೆಗ್ಯುಲೇಟರ್ ಇನ್‌ಪುಟ್ 14ರ ಮೇಲಿದೆ, ಆದ್ರೂ ಆಂಪ್ಲಿಫೈಯರಲ್ಲಿ ಗುಂಯ್ ಅನ್ನೋ ಸದ್ದು ನಿಲ್ತಾ ಇಲ್ಲ. ಎರಡು ಸಲ ಐಸಿ ಬದಲಾಯಿಸಿದೆ.

ಉತ್ತರ: ಐಸಿ ಬದಲಾಯಿಸೋದು ನಿಲ್ಲಿಸಿ, ಅದರ ತಪ್ಪಿಲ್ಲ. ಮೇಲೆ ಹೇಳಿದ ಗರಗಸದ ಹಲ್ಲನ್ನ ಮತ್ತೆ ನೆನಪಿಸ್ಕೊಳ್ಳಿ. 7812ಗೆ ತನ್ನ ಔಟ್‌ಪುಟ್‌ಗಿಂತ ಸುಮಾರು 2 ವೋಲ್ಟ್ ಮೇಲೆ ಬೇಕು, ಅಂದ್ರೆ ಇನ್‌ಪುಟ್ 14ಕ್ಕಿಂತ ಒಂದು ಕ್ಷಣವೂ ಕೆಳಗೆ ಹೋಗಬಾರದು. ಮೀಟರ್ ಹೇಳಿದ್ದು ಸರಾಸರಿ, ಐಸಿಗೆ ಮುಖ್ಯ ಆಗೋದು ಹಲ್ಲಿನ ಕೆಳತುದಿ. ಸರಾಸರಿ 14.3 ಇದ್ದು ರಿಪಲ್ 3 ವೋಲ್ಟ್ ಇದ್ರೆ ಕೆಳತುದಿ 13ರ ಕೆಳಗಿದೆ. ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ರೆಗ್ಯುಲೇಟರ್ ಕೈಬಿಡತ್ತೆ, ಔಟ್‌ಪುಟಲ್ಲಿ ಒಂದು ಗುಂಡಿ ಬೀಳತ್ತೆ, ಸೆಕೆಂಡಿಗೆ 100 ಗುಂಡಿ. ನಿಮಗೆ ಕೇಳ್ತಾ ಇರೋ ಗುಂಯ್ ಆ 100 ಹರ್ಟ್ಜೇ. ಸೌಂಡ್ ಜಾಸ್ತಿ ಮಾಡಿದಾಗ ಗುಂಯ್ ಕೂಡ ಜಾಸ್ತಿ ಆಗ್ತಿದ್ರೆ ಅನುಮಾನವೇ ಬೇಡ, ಯಾಕಂದ್ರೆ ಆಗ ಕರೆಂಟ್ ಜಾಸ್ತಿ ಎಳೆದು ಹಲ್ಲು ಇನ್ನೂ ಆಳ ಆಗ್ತಾ ಇದೆ.

4700 ಮೈಕ್ರೊಫ್ಯಾರಡ್ ಹಾಕಿ ನೋಡಿ, ಅರ್ಧ ಆಂಪಿನ ಒಳಗಿದ್ರೆ ಬಹುಶಃ ಅಷ್ಟಕ್ಕೇ ಸರಿಹೋಗತ್ತೆ. ಜಾಸ್ತಿ ಕರೆಂಟ್ ಬೇಕಂದ್ರೆ 15 ವೋಲ್ಟ್ ಟ್ರಾನ್ಸ್‌ಫಾರ್ಮರಿಗೆ ಹೋಗಿ, ಮೇನ್ಸ್ ಇಳಿದಾಗಲೂ ಆಸರೆ ಇರತ್ತೆ. ಆದ್ರೆ ಆಗ ಇನ್‌ಪುಟ್ 18-19ಕ್ಕೆ ಬರತ್ತೆ, ಮಿಕ್ಕ 6-7 ವೋಲ್ಟ್ ಪೂರ್ತಿ ಐಸಿ ಮೈಮೇಲೆ ಬಿಸಿಯಾಗಿ ಹೋಗ್ಬೇಕು, 1 ಆಂಪಿಗೆ 6-7 ವ್ಯಾಟ್. ಸರಿಯಾದ ಹೀಟ್‌ಸಿಂಕ್ ಇಲ್ಲದೆ ಇದನ್ನ ಮಾಡ್ಬೇಡಿ.

ಪ್ರಶ್ನೆ: 12-0-12 (ಎರಡು 12 ವೋಲ್ಟ್ ವೈಂಡಿಂಗ್, ಮಧ್ಯದಿಂದ ಒಂದು ತಂತಿ) ಟ್ರಾನ್ಸ್‌ಫಾರ್ಮರಿಗೆ ಎರಡೇ ಡಯೋಡ್ ಸಾಕು ಅಂತಾರೆ. ಬ್ರಿಡ್ಜಿಗಿಂತ ಒಳ್ಳೇದಾ?

ಉತ್ತರ: ಡ್ರಾಪ್ ಒಂದೇ ಡಯೋಡಿನದ್ದು, ಅಷ್ಟು ಉಳೀತು. 5 ವೋಲ್ಟಿನಂಥ ಕಮ್ಮಿ ವೋಲ್ಟೇಜ್, ಜಾಸ್ತಿ ಕರೆಂಟ್ ಇರೋ ಕಡೆ ಈ ಉಳಿತಾಯ ದೊಡ್ಡದು. ಆದ್ರೆ ಮುಚ್ಚಿರೋ ಡಯೋಡ್ ಮೇಲೆ ಎರಡು ವೈಂಡಿಂಗಿನ ಪೀಕೂ ಸೇರಿ ಬೀಳತ್ತೆ, 12-0-12ಕ್ಕೆ 34 ವೋಲ್ಟ್, ಬ್ರಿಡ್ಜಲ್ಲಾದ್ರೆ 17 ಅಷ್ಟೇ. 50 ವೋಲ್ಟಿನ 1ಎನ್4001 ಸಾಕಾಗತ್ತೆ, ಆದ್ರೆ ಮೇನ್ಸಲ್ಲಿ ಬರೋ ಸ್ಪೈಕ್ ನೆನೆಸ್ಕೊಂಡ್ರೆ 1000 ವೋಲ್ಟಿನ 1ಎನ್4007 ಹಾಕಿ ನಿಶ್ಚಿಂತೆಯಾಗಿರಿ.

ಪ್ರಶ್ನೆ: ಟ್ರಾನ್ಸ್‌ಫಾರ್ಮರ್ ಇಲ್ಲದೆ 230 ವೋಲ್ಟನ್ನ ನೇರ ಬ್ರಿಡ್ಜಿಗೆ ಕೊಟ್ಟು ಕೆಪಾಸಿಟರ್ ಹಾಕಿ ಪ್ರಯೋಗ ಮಾಡ್ಬೇಕು ಅಂತ ಆಸೆ. 250 ವೋಲ್ಟ್ ಕೆಪಾಸಿಟರ್ ಸಾಕಾ? ಸ್ಕೋಪಲ್ಲಿ ಅಲೆ ನೋಡ್ಬೇಕು.

ಉತ್ತರ: ಈ ಪ್ರಯೋಗ ಮಾಡ್ಬೇಡಿ, ಅನುಭವ ಇರೋರು ಪಕ್ಕದಲ್ಲಿ ನಿಂತಿದ್ರೂ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ (ಸರ್ಕ್ಯೂಟನ್ನ ಮೇನ್ಸಿಂದ ಬೇರ್ಪಡಿಸೋದು) ಇಲ್ಲದೆ ಮಾಡ್ಬೇಡಿ. ಯಾಕೆ ಅಂತ ಪೂರ್ತಿ ಹೇಳ್ತೀನಿ.

230 ಅನ್ನೋದು ಆರ್‌ಎಂಎಸ್. ಕೆಪಾಸಿಟರ್ ಮೇಲೆ ನಿಲ್ಲೋದು 325. 120 ವೋಲ್ಟ್ ಇರೋ ದೇಶಗಳಲ್ಲಿ 170. 250ರ ಕೆಪಾಸಿಟರ್ 325ಕ್ಕೆ ಉಬ್ಬಲ್ಲ, ಸಿಡಿಯತ್ತೆ, ಕಣ್ಣಿಗೆ ಬಿದ್ರೆ ಕಣ್ಣು ಹೋಗತ್ತೆ. ಎಸ್‌ಎಂಪಿಎಸ್ (ಮೇನ್ಸನ್ನ ಡಿಸಿ ಮಾಡಿ, ಅದನ್ನ ತುಂಬಾ ವೇಗವಾಗಿ ಸ್ವಿಚ್ ಮಾಡಿ ವೋಲ್ಟೇಜ್ ಇಳಿಸೋ ಪವರ್ ಸಪ್ಲೈ) ಬಿಚ್ಚಿದಾಗ ಒಳಗೆ 400 ಅಥವಾ 450 ಅಂತ ಬರೆದಿರೋ ದಪ್ಪ ಕೆಪಾಸಿಟರ್ ಇರತ್ತಲ್ಲ, ಅದು ಈ 325ಕ್ಕೋಸ್ಕರ.

ಸ್ಕೋಪಿನ ಪ್ರೋಬಿನಲ್ಲಿರೋ ಕಪ್ಪು ಕ್ಲಿಪ್ ಮೇನ್ಸ್ ಅರ್ಥಿಗೆ ಸೇರಿರತ್ತೆ. ಬ್ರಿಡ್ಜಿನ ಮೈನಸ್ ಅನ್ನೋದು ಅರ್ಥ್ ಅಲ್ಲ, ಅದು ಅರ್ಧ ಸಮಯ ಲೈವ್ ತಂತಿಗೇ ಡಯೋಡ್ ಮೂಲಕ ಅಂಟ್ಕೊಂಡಿರತ್ತೆ. ಅಲ್ಲಿಗೆ ಆ ಕ್ಲಿಪ್ ಕಚ್ಚಿಸಿದ್ರಿ ಅಂದ್ರೆ ಡಯೋಡ್ ಒಂದನ್ನ ಮಧ್ಯ ಇಟ್ಟು ಲೈವನ್ನ ಅರ್ಥಿಗೆ ಶಾರ್ಟ್ ಮಾಡಿದ ಹಾಗೆ. ಮೈನಸ್ ತಾನೇ ಅಂತ ಕೈಯಲ್ಲಿ ಮುಟ್ಟಿದ್ರೂ ಶಾಕ್ ಹೊಡೆಯತ್ತೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಪ್ಲಗ್ ಕಿತ್ತ ಮೇಲೂ ಅಪಾಯ ಮುಗಿದಿರಲ್ಲ. 100 ಮೈಕ್ರೊಫ್ಯಾರಡ್ 325 ವೋಲ್ಟಲ್ಲಿ 5 ಜೂಲಿಗಿಂತ ಸ್ವಲ್ಪ ಜಾಸ್ತಿ ಶಕ್ತಿ ಹಿಡಿದಿಟ್ಕೊಂಡಿರತ್ತೆ. ಅದಕ್ಕೇ ಸಮಾಂತರವಾಗಿ ಬ್ಲೀಡರ್ ರೆಸಿಸ್ಟರ್ ಹಾಕೋದು, 100 ಕಿಲೋ ಓಮ್ 2 ವ್ಯಾಟ್ ಹಾಕಿದ್ರೆ ಸುಮಾರು 20 ಸೆಕೆಂಡಲ್ಲಿ 50 ವೋಲ್ಟಿನ ಕೆಳಗೆ ಬರತ್ತೆ, ಪೂರ್ತಿ ಖಾಲಿ ಆಗೋಕೆ ಒಂದು ನಿಮಿಷ ಹತ್ತಿರ ಬೇಕು. ರಿಪೇರಿಗೆ ಬಂದ ಬೋರ್ಡಲ್ಲಿ ಆ ರೆಸಿಸ್ಟರೇ ಸುಟ್ಟು ಓಪನ್ ಆಗಿರಬಹುದು, ಹಾಗಾಗಿ ಮುಟ್ಟೋಕೆ ಮುಂಚೆ ಮೀಟರಿಟ್ಟು ನೋಡೋದನ್ನ ಯಾವತ್ತೂ ಬಿಡ್ಬೇಡಿ. ಅಲೆ ನೋಡೋ ಆಸೆ ತೀರಿಸ್ಕೊಳ್ಳೋಕೆ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಸಾಕು. ಗುಡ್ಡ, ಕಣಿವೆ, ಗರಗಸ ಎಲ್ಲಾ ಅದರಲ್ಲೂ ಹಾಗೇ ಕಾಣತ್ತೆ.

ಪ್ರಶ್ನೆ: ಎಸ್‌ಎಂಪಿಎಸ್ ಔಟ್‌ಪುಟ್ ಕಡೆಯ ಡಯೋಡ್ ಹೋಗಿತ್ತು, 1ಎನ್4007 ಹಾಕಿದೆ, ವೋಲ್ಟ್ ರೇಟಿಂಗ್ ಬೇಕಾದಷ್ಟಿದೆ, ಕರೆಂಟೂ ಕಮ್ಮಿ, ಆದ್ರೂ ಎರಡು ನಿಮಿಷಕ್ಕೆ ಕೈ ಸುಡೋಷ್ಟು ಬಿಸಿ ಆಗಿ ಹೊಗೆ ಬಂತು.

ಉತ್ತರ: 50 ಹರ್ಟ್ಜಿಗೆ ಮಾಡಿದ ಡಯೋಡನ್ನ ಹತ್ತಾರು ಕಿಲೋಹರ್ಟ್ಜಲ್ಲಿ ಓಡಿಸಿದ್ರಿ. 1ಎನ್4007 ಆನ್ ಇದ್ದಿದ್ದು ಆಫ್ ಆಗೋಕೆ ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ ಸಮಯ ತಗೊಳ್ಳತ್ತೆ, ಅಷ್ಟು ಹೊತ್ತು ಕರೆಂಟ್ ಉಲ್ಟಾ ಹರಿಯತ್ತೆ. 10 ಮಿಲಿಸೆಕೆಂಡಿನ ಅಲೆಯಲ್ಲಿ ಇದು ಲೆಕ್ಕಕ್ಕೇ ಇಲ್ಲ, ಆದ್ರೆ 50 ಕಿಲೋಹರ್ಟ್ಜಲ್ಲಿ ಇಡೀ ಸೈಕಲ್ಲೇ 20 ಮೈಕ್ರೊಸೆಕೆಂಡ್. ಕೆಪಾಸಿಟರಿಗೆ ತುಂಬಿದ್ದನ್ನ ಡಯೋಡೇ ವಾಪಸ್ ಖಾಲಿ ಮಾಡ್ತಾ ಕೂತಿರತ್ತೆ, ಔಟ್‌ಪುಟ್ ಬೀಳತ್ತೆ, ಡಯೋಡ್ ಕಾಯತ್ತೆ. ಬೇಗ ಆಫ್ ಆಗೋ ಫಾಸ್ಟ್ ರಿಕವರಿ ಅಥವಾ ಶಾಟ್ಕಿ ಡಯೋಡ್ ಹಾಕಿ. ಯುಎಫ್4007 ನೋಡೋಕೆ ಅಣ್ಣತಮ್ಮನ ಹಾಗಿದ್ರೂ 75 ನ್ಯಾನೊಸೆಕೆಂಡಲ್ಲಿ ಮುಚ್ಕೊಳ್ಳತ್ತೆ. ಮೂಲ ಡಯೋಡ್ ಶಾಟ್ಕಿ ಆಗಿದ್ರೆ ಶಾಟ್ಕಿಯನ್ನೇ ಹಾಕಿ, ಅದರ ಡ್ರಾಪ್ ಕಮ್ಮಿ, 5 ವೋಲ್ಟ್ ಔಟ್‌ಪುಟಲ್ಲಿ 0.4ಕ್ಕೂ 0.9ಕ್ಕೂ ತುಂಬಾ ವ್ಯತ್ಯಾಸ. ಅದರ ರಿವರ್ಸ್ ವೋಲ್ಟ್ ರೇಟಿಂಗ್ ಕಮ್ಮಿ ಇರತ್ತೆ, 1ಎನ್5819 ಬರೀ 40, ಹಾಗಾಗಿ ಹಳೇದರ ನಂಬರ್ ನೋಡಿ ಹಾಕಿ.

ಇಷ್ಟು ವೇಗದಲ್ಲಿ ಕೆಪಾಸಿಟರ್ ಎರಡು ಗುಡ್ಡದ ಮಧ್ಯ ಕಾಯ್ಬೇಕಾದ ಹೊತ್ತು ತುಂಬಾ ಚಿಕ್ಕದು. ಎಸ್‌ಎಂಪಿಎಸ್ ಔಟ್‌ಪುಟಿನ ಕೆಪಾಸಿಟರ್ ಅಷ್ಟು ಚಿಕ್ಕದಿದ್ದೂ ಸಾಕಾಗೋದು ಇದಕ್ಕೇ.

ಪ್ರಶ್ನೆ: ಬ್ರಿಡ್ಜ್ ರೆಕ್ಟಿಫೈಯರನ್ನ ಕಂಡುಹಿಡಿದಿದ್ದು ಗ್ರೆಟ್ಸ್ ಅಂತ ಓದಿದೆ, ಇನ್ನೊಂದು ಕಡೆ ಪೊಲ್ಲಾಕ್ ಅಂತಿದೆ.

ಉತ್ತರ: ಎರಡೂ ಹೆಸರು ಬರೋಕೆ ಕಾರಣ ಇದೆ. ಪೋಲಂಡಿನ ಕರೋಲ್ ಪೊಲ್ಲಾಕ್ ಪೇಟೆಂಟ್ ಮೊದಲು, 1895-96ರದ್ದು. ಜರ್ಮನಿಯ ಲಿಯೋ ಗ್ರೆಟ್ಸ್ ತಾನೇ ಸ್ವತಂತ್ರವಾಗಿ ಅದೇ ಸರ್ಕ್ಯೂಟ್ ಕಂಡ್ಕೊಂಡು 1897ರಲ್ಲಿ ಪ್ರಕಟಿಸಿದ, ಹೆಸರು ಅವನದ್ದೇ ನಿಂತ್ಬಿಡ್ತು. ಪೊಲ್ಲಾಕಿಗೆ ಸಲ್ಲಬೇಕಾದ ಹೆಸರು ಸಿಗಲಿಲ್ಲ ಅನ್ನೋ ಬೇಜಾರು ನನಗಿದೆ. ಆಗಿನ್ನೂ ಸಿಲಿಕಾನ್ ಡಯೋಡ್ ಇರಲಿಲ್ಲ, ಫ್ಲೆಮಿಂಗನ ವಾಲ್ವ್ (ಗಾಜಿನ ನಿರ್ವಾತ ಕೊಳವೆಯ ಡಯೋಡ್) ಕೂಡ ಬಂದಿದ್ದು 1904ಕ್ಕೆ. ಅವರು ಬಳಸಿದ್ದು ದ್ರಾವಣದಲ್ಲಿ ಮುಳುಗಿಸಿದ ಅಲ್ಯುಮಿನಿಯಂ ಪ್ಲೇಟುಗಳ ಸೆಲ್ಲುಗಳನ್ನ, ಅವು ಒಂದೇ ದಿಕ್ಕಿಗೆ ಕರೆಂಟ್ ಬಿಡ್ತಿದ್ವು.

ಪ್ರಶ್ನೆ: ನನ್ನ ಹತ್ರ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಮಾತ್ರ ಇದೆ, ಒಂದು ಸರ್ಕ್ಯೂಟಿಗೆ 30 ವೋಲ್ಟ್ ಡಿಸಿ ಬೇಕು, 20 ಮಿಲಿಆಂಪ್ ಸಾಕು. ಬೇರೆ ಟ್ರಾನ್ಸ್‌ಫಾರ್ಮರ್ ತರಲೇಬೇಕಾ?

ಉತ್ತರ: ಬೇಡ, 20 ಮಿಲಿಆಂಪಿಗೆ ವೋಲ್ಟೇಜ್ ಡಬ್ಲರ್ ಸಾಕು. 2 ಡಯೋಡ್, 2 ಕೆಪಾಸಿಟರ್. ಮೇಲಿನ ಅರ್ಧ ಅಲೆ ಒಂದು ಕೆಪಾಸಿಟರನ್ನ ಪೀಕಿಗೆ ತುಂಬತ್ತೆ, ಕೆಳಗಿನ ಅರ್ಧ ಇನ್ನೊಂದನ್ನ ತುಂಬತ್ತೆ, ಎರಡೂ ಒಂದರ ಮೇಲೊಂದು ಸೀರೀಸಲ್ಲಿ ಕೂತಿರೋದ್ರಿಂದ ಔಟ್‌ಪುಟಲ್ಲಿ ಎರಡು ಪೀಕ್ ಸೇರಿ ಬರತ್ತೆ, 34ರಲ್ಲಿ ಡಯೋಡಿನ 1.4 ಕಳೆದು 32 ಚಿಲ್ಲರೆ, ಲೋಡಲ್ಲಿ 30ರ ಮೇಲೇ ನಿಲ್ಲತ್ತೆ. ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರ್ ತಾನೇ ಮೇಲಿರೋದ್ರಿಂದ 36ರ ತನಕ ಹೋಗ್ಬಹುದು, ನಿಮ್ಮ ಸರ್ಕ್ಯೂಟ್ ಅದನ್ನ ತಡ್ಕೊಳ್ಳತ್ತಾ ನೋಡ್ಕೊಳ್ಳಿ. ಇದೇ ಮೆಟ್ಟಿಲನ್ನ ಮೇಲೆ ಮೇಲೆ ಜೋಡಿಸ್ತಾ ಹೋಗಿ ಲಕ್ಷಗಟ್ಟಲೆ ವೋಲ್ಟ್ ಮಾಡಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ 1932ರಲ್ಲಿ ಲಿಥಿಯಂ ಪರಮಾಣುವಿನ ನ್ಯೂಕ್ಲಿಯಸ್ಸನ್ನೇ ಒಡೆದ್ರು, 1951ರಲ್ಲಿ ನೊಬೆಲ್ ಬಂತು. ಪಕ್ಕಕ್ಕೆ 115, 230 ಅಂತ ಕೆಂಪು ಸ್ವಿಚ್ ಇದ್ದ ಹಳೇ ಕಂಪ್ಯೂಟರ್ ಪವರ್ ಸಪ್ಲೈಗಳಲ್ಲಿ ಆ ಸ್ವಿಚ್ ಮಾಡ್ತಿದ್ದಿದ್ದೂ ಇದನ್ನೇ, 230ರಲ್ಲಿ ಬ್ರಿಡ್ಜ್, 115ರಲ್ಲಿ ಡಬ್ಲರ್, ಹಾಗಾಗಿ ಒಳಗೆ ಎರಡರಲ್ಲೂ ಸುಮಾರು 325.

ಎರಡೂ ಕೆಪಾಸಿಟರ್ 25 ವೋಲ್ಟಿನದ್ದು, 220 ಮೈಕ್ರೊಫ್ಯಾರಡ್ ಹಾಕಿ, ರಿಪಲ್ ಒಂದೂವರೆ ವೋಲ್ಟ್ ಸುತ್ತಮುತ್ತ ಬರತ್ತೆ. ಮೇಲಿನ ಕೆಪಾಸಿಟರಿನ ಮೈನಸ್ಸೂ ಕೆಳಗಿನದ್ದರ ಪ್ಲಸ್ಸೂ ಸೇರೋ ಜಾಗಕ್ಕೆ ಟ್ರಾನ್ಸ್‌ಫಾರ್ಮರಿನ ಒಂದು ತಂತಿ ಬರತ್ತೆ, ಇನ್ನೊಂದು ತಂತಿ ಎರಡು ಡಯೋಡ್ ಸೇರೋ ಜಾಗಕ್ಕೆ. ಕರೆಂಟ್ ಕೊಡೋಕೆ ಮುಂಚೆ ಎರಡು ಕೆಪಾಸಿಟರಿನ ಪ್ಲಸ್ ಮೈನಸ್ ಇನ್ನೊಂದು ಸಲ ನೋಡ್ಕೊಳ್ಳಿ.